ಕ್ರೈಸ್ತ ಸೇವಾಕಾರ್ಯ: ಕರ್ನಾಟಕ ಮತ್ತು ಚಿತ್ರದುರ್ಗ ಸೀಮೆ

ಕ್ರೈಸ್ತ ಸೇವಾಕಾರ್ಯ ಎಂದರೆ ಯೇಸುಕ್ರಿಸ್ತನಲ್ಲಿಟ್ಟ ನಂಬಿಕೆಯನ್ನು ಹಸಿದವರು, ರೋಗಿಗಳು, ಅನಾಥರು, ಸೆರೆಯಲ್ಲಿರುವವರು ಮತ್ತು ಪರಸ್ಥಳದವರ ಆರೈಕೆಯ ಮೂಲಕ ನಡೆಯಲ್ಲಿ ತೋರಿಸುವ ಧಾರ್ಮಿಕ ಕರ್ತವ್ಯ. ಆ ಕರ್ತವ್ಯದಿಂದ ಬೆಳೆದ ಶಾಲೆ, ಆಸ್ಪತ್ರೆ, ಅನಾಥಾಲಯ, ಸಂಘಗಳಿಗೂ ಒಟ್ಟಾಗಿ ಇದೇ ಹೆಸರಿದೆ. ಕರ್ನಾಟಕದಲ್ಲಿ ಇದಕ್ಕೆ ಎರಡು ಶತಮಾನಕ್ಕೂ ಮೀರಿದ ದಾಖಲಿತ ಚರಿತ್ರೆಯಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬಯಲುಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಕಡಿಮೆ. ಆದ್ದರಿಂದ ಇಲ್ಲಿನ ಸೇವಾಕಾರ್ಯ ಹೆಚ್ಚಾಗಿ ಕ್ರೈಸ್ತರಲ್ಲದವರ ನಡುವೆಯೇ ನಡೆಯುತ್ತದೆ. ಈ ಸಂಗತಿ ಅದರ ರೂಪವನ್ನೂ ಅದರ ಸುತ್ತ ಎದ್ದ ವಾದಗಳನ್ನೂ ನಿರ್ಧರಿಸಿದೆ.

ಪರಿಭಾಷೆ

ಕನ್ನಡ ಪ್ರಾಟೆಸ್ಟಂಟರು ‘ನಂಬಿಕೆ’, ‘ಕ್ರಿಯೆ’, ‘ಸಭೆ’, ‘ಸಭಾಪಾಲಕ’ ಎಂಬ ಮಾತುಗಳನ್ನು ಬಳಸುತ್ತಾರೆ. ಕಥೋಲಿಕರಲ್ಲಿ ‘ವಿಶ್ವಾಸ’, ‘ಸತ್ಕಾರ್ಯ’, ‘ಧರ್ಮಸಭೆ’, ‘ಗುರು’ ಎಂಬವು ರೂಢಿಯಲ್ಲಿವೆ. ಈ ಲೇಖನದಲ್ಲಿ ‘ಕ್ರಿಯೆ’ ಎಂದರೆ ನಂಬಿಕೆಯ ಪ್ರೇರಣೆಯಿಂದ ಒಬ್ಬ ವ್ಯಕ್ತಿ ಮಾಡುವ ಒಳ್ಳೆಯ ಕೆಲಸ. ‘ಸೇವಾಕಾರ್ಯ’ ಎಂದರೆ ಅದೇ ಕೆಲಸ ಸಭೆಯ ಅಥವಾ ಸಂಸ್ಥೆಯ ಹೊಣೆಯಲ್ಲಿ ನಿರಂತರವಾಗಿ ನಡೆಯುವುದು. ‘ಮಿಷನ್’ ಎಂಬುದು ವಿದೇಶದ ಅಥವಾ ಹೊರ ಪ್ರಾಂತದ ಸಂಘವೊಂದು ಕಳುಹಿಸಿದ ಪ್ರಚಾರಕರ ಸಂಘಟನೆ.

ಶಾಸ್ತ್ರಾಧಾರ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ವಿಧವೆ, ತಬ್ಬಲಿ ಮತ್ತು ಪರದೇಶಿ ಈ ಮೂವರ ರಕ್ಷಣೆ ಧರ್ಮಶಾಸ್ತ್ರದ ಕಟ್ಟಳೆಯಾಗಿ ಬರುತ್ತದೆ. ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂಬ ನಿಯಮ ಯಾಜಕಕಾಂಡದಲ್ಲಿದೆ. ಆಮೋಸ, ಯೆಶಾಯ ಮುಂತಾದ ಪ್ರವಾದಿಗಳು ನ್ಯಾಯವಿಲ್ಲದ ಆರಾಧನೆಯನ್ನು ತಳ್ಳಿಹಾಕುತ್ತಾರೆ.

ಹೊಸ ಒಡಂಬಡಿಕೆಯ ನಾಲ್ಕು ಭಾಗಗಳು ಸೇವಾಕಾರ್ಯಕ್ಕೆ ಮುಖ್ಯ ಆಧಾರ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ದಾರಿಯಲ್ಲಿ ಬಿದ್ದ ಗಾಯಾಳುವನ್ನು ಎತ್ತಿಕೊಂಡು ಹೋಗುವವನು ಅವನ ಸ್ವಜನದವನಲ್ಲ, ಪರಕೀಯನೆಂದು ಎಣಿಸಲ್ಪಟ್ಟ ಪಂಗಡದವನು. ಮತ್ತಾಯನ 25ನೆಯ ಅಧ್ಯಾಯದಲ್ಲಿ ಅಂತ್ಯ ನ್ಯಾಯತೀರ್ಪಿನ ಅಳತೆಗೋಲಾಗಿ ನಿಲ್ಲುವುದು ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ರೋಗಿ ಮತ್ತು ಸೆರೆಯಾಳುಗಳ ಭೇಟಿ. ಯೋಹಾನನ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ವಿಧವೆಯರಿಗೆ ದಿನದಿನದ ಆಹಾರ ಹಂಚುವುದರಲ್ಲಿ ತಾರತಮ್ಯವಾಗುತ್ತಿದೆಯೆಂಬ ದೂರು ಬಂದಾಗ ಏಳು ಜನರನ್ನು ಆ ಕೆಲಸಕ್ಕೆಂದೇ ನೇಮಿಸಲಾಗುತ್ತದೆ. ಸೇವೆಗೆಂದು ಪ್ರತ್ಯೇಕ ಹುದ್ದೆ ಹುಟ್ಟಿದ್ದು ಅಲ್ಲಿಂದ. ಹಂಚಿಕೆ ನ್ಯಾಯವಾಗಿ ನಡೆಯಬೇಕೆಂಬ ಕಾಳಜಿಯೇ ಆ ಹುದ್ದೆಯ ಮೂಲವೆಂಬುದು ಗಮನಿಸತಕ್ಕದ್ದು. 

ನಂಬಿಕೆ ಮತ್ತು ಕ್ರಿಯೆ: ವಾದದ ಚರಿತ್ರೆ

ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದಲೇ ಹೊರತು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲವೆಂದು ಪೌಲನ ಪತ್ರಗಳು ಹೇಳುತ್ತವೆ. ಕ್ರಿಯೆಯಿಲ್ಲದ ನಂಬಿಕೆಗೆ ಜೀವವಿಲ್ಲವೆಂಬುದು ಯಾಕೋಬನ ಪತ್ರದ ನಿಲುವು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಮೊದಲಿನದನ್ನು ಒತ್ತಿ ಹೇಳಿ, ಯಾಕೋಬನ ಪತ್ರವನ್ನು ಕಡಿಮೆ ತೂಕದ್ದೆಂದು ಬಗೆದನು. ಟ್ರೆಂಟ್ ಪರಿಷತ್ತು 1547ರಲ್ಲಿ ಕಥೋಲಿಕ ನಿಲುವನ್ನು ಸೂತ್ರೀಕರಿಸಿ, ಕೃಪೆಯೊಡನೆ ಸಹಕರಿಸುವ ಸತ್ಕಾರ್ಯಕ್ಕೆ ಮುಕ್ತಿಯ ಹಾದಿಯಲ್ಲಿ ಸ್ಥಾನವಿದೆಯೆಂದು ಸಾರಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ಮುಕ್ತಿ ದೇವರ ಕೃಪೆಯಿಂದ ಬರುತ್ತದೆ, ಒಳ್ಳೆಯ ಕ್ರಿಯೆಗಳು ಅದರ ಫಲ ಎಂಬಲ್ಲಿ ಎರಡೂ ಪಕ್ಷಗಳು ಒಪ್ಪಿದವು. 2006ರಲ್ಲಿ ವಿಶ್ವ ಮೆಥಡಿಸ್ಟ್ ಪರಿಷತ್ತು ಈ ಒಪ್ಪಂದಕ್ಕೆ ಸೇರಿತು.

ಕರ್ನಾಟಕದ ಒಳನಾಡಿಗೆ ಈ ವಾದಕ್ಕಿಂತ ಹೆಚ್ಚು ಸಂಬಂಧವಿರುವುದು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ (1703-1791) ಬೋಧನೆಯೊಡನೆ. ಪ್ರಾರ್ಥನೆ, ಉಪವಾಸ, ವಾಕ್ಯಪಠಣ ಇವುಗಳ ಜೊತೆಗೆ ರೋಗಿಗಳ ಮತ್ತು ಸೆರೆಯಾಳುಗಳ ಭೇಟಿಯನ್ನೂ ಅವನು ಕೃಪಾಸಾಧನಗಳಲ್ಲಿ ಎಣಿಸಿದನು. ಹಳೆಯ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಮುಖ್ಯ ಪ್ರಾಟೆಸ್ಟಂಟ್ ಸಂಘಟನೆ ಅವನ ಹೆಸರಿನ ವೆಸ್ಲಿಯನ್ ಮಿಷನ್. ಕಥೋಲಿಕ ಬೋಧನೆ ದಯಾಕಾರ್ಯಗಳನ್ನು ದೇಹಕ್ಕೆ ಸಂಬಂಧಿಸಿದ ಏಳು, ಆತ್ಮಕ್ಕೆ ಸಂಬಂಧಿಸಿದ ಏಳು ಎಂದು ಹದಿನಾಲ್ಕಾಗಿ ವಿಂಗಡಿಸುತ್ತದೆ. ಸತ್ತವರನ್ನು ಹೂಳುವುದು ದೇಹಸಂಬಂಧಿ ಕಾರ್ಯಗಳಲ್ಲಿ ಒಂದು. 2020-21ರ ಕೋವಿಡ್ ಸಾಂಕ್ರಾಮಿಕದಲ್ಲಿ ಬೆಂಗಳೂರಿನ ಕ್ರೈಸ್ತ ಸ್ವಯಂಸೇವಕರು ಎಲ್ಲ ಮತದವರ ಶವಸಂಸ್ಕಾರಕ್ಕೆ ನಿಂತಾಗ ಈ ಹಳೆಯ ಪಟ್ಟಿಯ ಬಾಬತ್ತೊಂದು ನಗರದ ನಡುವೆ ಆಚರಣೆಗೆ ಬಂತು.

ಕರ್ನಾಟಕದಲ್ಲಿ ಉಗಮ

ಮೈಸೂರು ಸೀಮೆಯಲ್ಲಿ ಯೇಸು ಸಭೆಯ (ಜೆಸ್ವಿಟ್) ಗುರುಗಳ ಕೆಲಸ 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣದಿಂದ ಮೊದಲಾಯಿತು. ಸೇವೆಯ ದೃಷ್ಟಿಯಿಂದ ದಾಖಲೆಯಲ್ಲಿ ಎದ್ದು ಕಾಣುವ ಮೊದಲ ಕೆಲಸ ಫ್ರೆಂಚ್ ಗುರು ಅಬ್ಬೆ ದುಬಾಯನದು. 1799ರ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು 1823ರಲ್ಲಿ ಸ್ವದೇಶಕ್ಕೆ ಮರಳಿದ ಅವನು ದೇಶೀಯ ಉಡುಪು ಧರಿಸಿ, ಸಸ್ಯಾಹಾರಿಯಾಗಿ ಜನರ ನಡುವೆ ಬದುಕಿದನು. ಸಿಡುಬಿಗೆ ಲಸಿಕೆ ಹಾಕುವ ವಿಧಾನ ಭಾರತಕ್ಕೆ ಬಂದ ಒಂದೆರಡು ವರ್ಷದೊಳಗೇ, 1803-04ರಲ್ಲಿ, ಅವನು ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿ ಹೆಸರುಗಳನ್ನು ಪಟ್ಟಿ ಮಾಡಿಸಿದನು. ಸಿಡುಬನ್ನು ‘ಅಮ್ಮ’ ಎಂದು ಕರೆದು ಹರಕೆ ಹೊರುತ್ತಿದ್ದ ಹಳ್ಳಿಗಳಲ್ಲಿ ಹಸುವಿನ ಕೀವಿನಿಂದ ಬಂದ ಲಸಿಕೆಯನ್ನು ಒಪ್ಪಿಸುವುದು ಸುಲಭದ ಕೆಲಸವಾಗಿರಲಿಲ್ಲ.

ಪ್ರಾಟೆಸ್ಟಂಟರಲ್ಲಿ ಲಂಡನ್ ಮಿಷನ್ 1810ರಲ್ಲಿ ಬಳ್ಳಾರಿಗೂ, ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ ಬಂದವು. ವೆಸ್ಲಿಯನ್ನರು 1837ರಲ್ಲಿ ಗುಬ್ಬಿಯಲ್ಲಿ ನೆಲೆ ನಿಂತು ಅಲ್ಲಿಂದ ಕನ್ನಡ ಹಳ್ಳಿಗಳ ಕಡೆಗೆ ಸಾಗಿದರು. ಮೂರೂ ಮಿಷನ್‌ಗಳ ಮೊದಲ ಸೇವೆ ಶಾಲೆ. ವೈದ್ಯಕೀಯ ಹಿಂದೆ ಬಂದದ್ದು, ಉದ್ಯೋಗ ಕೊಡುವುದು ಅನಿವಾರ್ಯವಾಗಿ ಸೇರಿಕೊಂಡದ್ದು. ಮತ ಬಿಟ್ಟವನಿಗೆ ಜಾತಿಯ ಕಸುಬು, ಒಕ್ಕಲು ಜಮೀನು, ನೆಂಟರ ಮನೆ ಒಟ್ಟಿಗೇ ತಪ್ಪಿಹೋಗುತ್ತಿದ್ದವು. ಬಾಸೆಲ್ ಮಿಷನ್ ಮಂಗಳೂರು ಮತ್ತು ಕಣ್ಣೂರುಗಳಲ್ಲಿ ನೇಯ್ಗೆ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದದ್ದು ಈ ಕಾರಣಕ್ಕೆ. ನಾಡಿನ ಮನೆಗಳ ಮೇಲೆ ಇಂದಿಗೂ ಕಾಣುವ ಮಂಗಳೂರು ಹೆಂಚಿನ ಹುಟ್ಟು ಇಲ್ಲಿಯೇ.

1876-78ರ ಬರ

ಬಯಲುಸೀಮೆಯಲ್ಲಿ ಕ್ರೈಸ್ತ ಸೇವಾಕಾರ್ಯ ಬೇರು ಬಿಟ್ಟದ್ದಕ್ಕೆ ಯಾವ ಪ್ರಚಾರಕ್ಕಿಂತಲೂ ಮಿಗಿಲಾದ ಕಾರಣ ಧಾತು ಸಂವತ್ಸರದ ಬರ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಎರಡು ವರ್ಷ ಮುಂಗಾರು ಕೈಕೊಟ್ಟು ಪೂರ್ವದ ಬಯಲು ಜಿಲ್ಲೆಗಳು ಒಣಗಿದವು. ಜನ ಗುಳೆ ಹೊರಟರು, ದಾರಿಯಲ್ಲಿ ಸತ್ತವರ ಮಕ್ಕಳು ಗಂಜಿಕೇಂದ್ರಗಳಲ್ಲಿ ಉಳಿದರು.

ಸರ್ಕಾರಕ್ಕೆ ಆ ಮಕ್ಕಳನ್ನು ಒಪ್ಪಿಸಲು ಜಾಗ ಬೇಕಾಗಿತ್ತು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೂ, ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯ ತೆರೆಯಿತು. ತುಮಕೂರಿನ ಹುಡುಗರಿಗೆ ಕೈಕಸುಬು ಕಲಿಸುವ ಶಾಲೆ ಜೊತೆಗೂಡಿತು. ಕಥೋಲಿಕರು ಬೇರೆ ದಾರಿ ಹಿಡಿದರು: ಅನಾಥರನ್ನು ಬೆಳೆಸಿ, ಮದುವೆ ಮಾಡಿಸಿ, ಜಮೀನು ಕೊಟ್ಟು ಊರು ಕಟ್ಟಿಸಿದರು. ನೆಲಮಂಗಲ ತಾಲ್ಲೂಕಿನ ಶಿಲುವೆಪುರ ಹಾಗೆ ಹುಟ್ಟಿದ ಊರು. ತುಮಕೂರಿನ ಮಾದರಿ ಕಸುಬಿನದು, ಶಿಲುವೆಪುರದ ಮಾದರಿ ನೆಲದ್ದು. ಬರದ ಮಕ್ಕಳು ದೊಡ್ಡವರಾಗಿ ಉಪದೇಶಿಗಳೂ ಶಿಕ್ಷಕರೂ ದಾದಿಯರೂ ಆದರು, ಸೇವೆ ಪಡೆದವರ ಮುಂದಿನ ತಲೆಮಾರು ಸೇವೆ ಕೊಡುವವರ ಸಾಲಿಗೆ ಬಂತು. ಇದೇ ಬರ ಮತಾಂತರದ ಟೀಕೆಗೂ ಮೂಲ. ದಿಕ್ಕಿಲ್ಲದ ಮಗು ತನ್ನ ಮತವನ್ನು ತಾನೇ ಆರಿಸಿಕೊಂಡಿತೆಂದು ಹೇಳಲು ಬರುವುದಿಲ್ಲ ಎಂಬ ಆಕ್ಷೇಪಕ್ಕೆ ಮಿಷನ್‌ಗಳು ಕೊಟ್ಟ ಉತ್ತರ, ಬೇರೆ ಯಾರೂ ಆ ಮಗುವನ್ನು ಒಯ್ಯಲು ಮುಂದೆ ಬರಲಿಲ್ಲವೆಂಬುದು. ಎರಡೂ ಮಾತು ಅಂದಿನಿಂದ ಇಂದಿನವರೆಗೆ ಮುಖಾಮುಖಿಯಾಗಿಯೇ ನಿಂತಿವೆ.

ಚಿತ್ರದುರ್ಗ ಸೀಮೆ

ಬ್ರಿಟಿಷ್ ದಾಖಲೆಗಳಲ್ಲಿ ಚಿತಲ್‌ದ್ರುಗ್ ಎಂದು ಬರೆಯುತ್ತಿದ್ದ ಚಿತ್ರದುರ್ಗವನ್ನು ವೆಸ್ಲಿಯನ್ ಮಿಷನ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ಕೇಂದ್ರಗಳಲ್ಲಿ ಒಂದಾಗಿ ಮಾಡಿಕೊಂಡಿತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ರಚನೆಯಾದಾಗ ವೆಸ್ಲಿಯನ್ನರ ಸಭೆ, ಶಾಲೆಗಳು ಅದರ ಪಾಲಾದವು. ಈ ಸಭೆಯನ್ನು ಜನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಸಿ.ಎಸ್.ಐ. ಎಂದು ಕರೆಯುತ್ತಾರೆ. ಕಥೋಲಿಕ ಆಡಳಿತದಲ್ಲಿ ಚಿತ್ರದುರ್ಗ ಜಿಲ್ಲೆ 1988ರ ನವೆಂಬರ್‌ನಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ತದೆ. ಶಿವಮೊಗ್ಗ ಮತ್ತು ದಾವಣಗೆರೆ ಅದರ ಇನ್ನೆರಡು ಜಿಲ್ಲೆಗಳು. ಚಿತ್ರದುರ್ಗ ನಗರದಲ್ಲಿ ಪವಿತ್ರ ಕುಟುಂಬದ ಹೆಸರಿನ ದೇವಾಲಯ, ಸೇಂಟ್ ಜೋಸೆಫ್ಸ್ ಕಾನ್ವೆಂಟ್ ಶಾಲೆ, ಸಲೇಶಿಯನ್ ಸಭೆಯ ಡಾನ್ ಬಾಸ್ಕೊ ಸಂಸ್ಥೆ ಇವೆ. ಡಾನ್ ಬಾಸ್ಕೊ ಸಂಸ್ಥೆಯ ಗಮನ ಮಕ್ಕಳ ಹಕ್ಕು ಮತ್ತು ಯುವಜನರ ತರಬೇತಿಯ ಮೇಲಿದೆ.

ಜಿಲ್ಲೆಯ ಅಗತ್ಯಗಳನ್ನು ರೂಪಿಸಿದ್ದು ಮಳೆಯ ಅಭಾವ. ವೇದಾವತಿಗೆ ಅಡ್ಡಲಾಗಿ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೊಳವೆಬಾವಿಯ ಆಳ ಹೆಚ್ಚಿದಂತೆ ಹಲವೆಡೆ ನೀರಿನಲ್ಲಿ ಫ್ಲೋರೈಡ್ ಅಂಶವೂ ಹೆಚ್ಚಿತು. ಹೊಳಲ್ಕೆರೆ, ಹೊಸದುರ್ಗ ಮತ್ತು ಚಿತ್ರದುರ್ಗ ತಾಲ್ಲೂಕುಗಳ ಕಬ್ಬಿಣದ ಅದಿರಿನ ಗಣಿಗಳು ಕೂಲಿ ಕೊಟ್ಟವು, ದೂಳನ್ನೂ ತಂದವು. ಮಳೆಯಿಲ್ಲದ ವರ್ಷಗಳಲ್ಲಿ ಹಳ್ಳಿಯ ದುಡಿಯುವ ಜನ ಬೆಂಗಳೂರಿಗೂ ಮಲೆನಾಡಿನ ತೋಟಗಳಿಗೂ ಹೋಗುತ್ತಾರೆ. ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು ಊರಲ್ಲಿ ಉಳಿಯುತ್ತಾರೆ. ಇಂಥ ಪ್ರದೇಶದ ಸೇವಾಕಾರ್ಯಕ್ಕೆ ಹಾಸ್ಟೆಲ್, ಮಹಿಳಾ ಸಂಘ, ನೀರು, ಮಕ್ಕಳ ರಕ್ಷಣೆ ಇವು ಆಸ್ಪತ್ರೆಯಷ್ಟೇ ಮುಖ್ಯವಾಗುತ್ತವೆ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16,59,456. ಅದರಲ್ಲಿ ಕ್ರೈಸ್ತರು ಶೇ 1ಕ್ಕಿಂತ ಕಡಿಮೆ. ರಾಜ್ಯದಲ್ಲಿ ಅವರ ಪ್ರಮಾಣ ಶೇ 1.87. ಈ ಸೀಮೆಯಲ್ಲಿ ಸೇವೆಯ ಪರಂಪರೆ ಕ್ರೈಸ್ತರದಷ್ಟೇ ಅಲ್ಲ. ಚಿತ್ರದುರ್ಗದ ಮುರುಘಾ ಮಠ ಮತ್ತು ಸಿರಿಗೆರೆಯ ತರಳಬಾಳು ಮಠಗಳ ದಾಸೋಹ ಮತ್ತು ಶಾಲೆಗಳು, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ ಕಟ್ಟಿದ ಅನಾಥ ಸೇವಾಶ್ರಮ ಇವು ವ್ಯಾಪ್ತಿಯಲ್ಲಿ ಬಹಳ ದೊಡ್ಡವು. ಕ್ರೈಸ್ತ ಸಂಸ್ಥೆಗಳು ಇವುಗಳ ನಡುವೆ ಸಣ್ಣ ಪಾಲುದಾರರು. ಅವು ಹೆಚ್ಚಾಗಿ ತಲುಪಿದ್ದು ದಲಿತ ಕೇರಿಗಳನ್ನು, ವಲಸೆ ಕೂಲಿಗಳ ಕುಟುಂಬಗಳನ್ನು, ಅಂಗವಿಕಲ ಮಕ್ಕಳನ್ನು ಮತ್ತು ಪಟ್ಟಣದ ಇಂಗ್ಲಿಷ್ ಶಾಲೆ ಬಯಸುವ ಕುಟುಂಬಗಳನ್ನು.

ರಚನೆ

ಸೇವಾಕಾರ್ಯ ಮೂರು ಮಟ್ಟಗಳಲ್ಲಿ ನಡೆಯುತ್ತದೆ. ತಳದಲ್ಲಿ ಸ್ಥಳೀಯ ಸಭೆ ಅಥವಾ ಧರ್ಮಕೇಂದ್ರ, ಅದರೊಳಗೆ ಸ್ತ್ರೀಯರ ಸಂಘ, ಯುವಜನ ಸಂಘ ಮತ್ತು ಕಥೋಲಿಕರಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಂಘ ಇವೆ. ನಡುವೆ ಸಿ.ಎಸ್.ಐ. ಡಯಾಸಿಸ್ ಅಥವಾ ಕಥೋಲಿಕ ಧರ್ಮಕ್ಷೇತ್ರ ಮತ್ತು ಅವುಗಳ ನೋಂದಾಯಿತ ಸಮಾಜಸೇವಾ ಸಂಸ್ಥೆಗಳು. ಚಿತ್ರದುರ್ಗದ ಮಟ್ಟಿಗೆ ಶಿವಮೊಗ್ಗ ಮಲ್ಟಿಪರ್ಪಸ್ ಸೋಶಿಯಲ್ ಸರ್ವಿಸ್ ಸೊಸೈಟಿ ಈ ಬಗೆಯದು. ಮೇಲೆ ರಾಷ್ಟ್ರಮಟ್ಟದ ಸಂಸ್ಥೆಗಳು: ಪ್ರಾಟೆಸ್ಟಂಟರ ಕಾಸಾ (1947), ಕಥೋಲಿಕರ ಕಾರಿತಾಸ್ ಇಂಡಿಯಾ (1962). ಇವಲ್ಲದೆ ಕನ್ಯಾಸ್ತ್ರೀಯರ ಮತ್ತು ಗುರುಗಳ ಸನ್ಯಾಸ ಸಭೆಗಳು ತಮ್ಮದೇ ಮೇಲ್ವಿಚಾರಣೆಯಲ್ಲಿ ಶಾಲೆ, ಆಸ್ಪತ್ರೆ ನಡೆಸುತ್ತವೆ. ಹಳ್ಳಿಯ ಮಟ್ಟದಲ್ಲಿ ಎಲ್ಲಕ್ಕೂ ಆಧಾರವಾಗಿದ್ದವರು ಉಪದೇಶಿಗಳು ಮತ್ತು ಮನೆಮನೆಗೆ ಹೋಗಿ ಓದು ಕಲಿಸುತ್ತಿದ್ದ ಬೈಬಲ್ ಸ್ತ್ರೀಯರು. ಮಿಷನ್ ವರದಿಗಳು ಇವರ ಬಗ್ಗೆ ಹೇಳುವುದು ಕಡಿಮೆ, ಇವರಿಲ್ಲದೆ ನಡೆದ ಕೆಲಸವೂ ಅಷ್ಟೇ ಕಡಿಮೆ.

ಸಂತ ವಿನ್ಸೆಂಟ್ ದೆ ಪೌಲ್ ಸಂಘ ವ್ಯಕ್ತಿಯ ಕ್ರಿಯೆ ಸಂಸ್ಥೆಯ ಸೇವೆಯಾಗಿ ಮಾರ್ಪಡುವುದಕ್ಕೆ ಸ್ಪಷ್ಟ ಮಾದರಿ. ಫ್ರೆಡರಿಕ್ ಒಜಾನಾಂ ಎಂಬ ವಿದ್ಯಾರ್ಥಿ ತನ್ನ ಗೆಳೆಯರೊಡನೆ 1833ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪಿಸಿದ ಈ ಸಂಘದಲ್ಲಿ ಸದಸ್ಯರು ಗೃಹಸ್ಥರು. ವಾರಕ್ಕೊಮ್ಮೆ ಕೂಡುತ್ತಾರೆ. ಪ್ರಾರ್ಥನೆಯ ಬಳಿಕ ಹಿಂದಿನ ವಾರ ಭೇಟಿ ಕೊಟ್ಟ ಮನೆಗಳ ವರದಿ ಆಗುತ್ತದೆ: ಯಾರ ಮನೆಗೆ ಅಕ್ಕಿ ಬೇಕು, ಯಾರ ಬಾಡಿಗೆ ಬಾಕಿಯಿದೆ, ಯಾವ ಮಗುವಿನ ಫೀಜು ಕಟ್ಟಬೇಕು. ಆಮೇಲೆ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಯೊಬ್ಬರೂ ಮುಚ್ಚಿದ ಮುಷ್ಟಿಯನ್ನು ಒಳಗಿಟ್ಟು ತೆಗೆಯುವುದರಿಂದ ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಎಂಬುದು ಪಕ್ಕದವರಿಗೂ ತಿಳಿಯದು. ಭೇಟಿಗೆ ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತಾರೆ. ನೆರವು ಪಡೆಯುವ ಮನೆಯವರು ಕ್ರೈಸ್ತರೇ ಆಗಿರಬೇಕೆಂಬ ನಿಯಮವಿಲ್ಲ.

ಸೇವೆಯ ಬಗೆಗಳು

ವೈದ್ಯಕೀಯ. ಕರ್ನಾಟಕದ ಹಳೆಯ ಕ್ರೈಸ್ತ ಆಸ್ಪತ್ರೆಗಳಲ್ಲಿ ಒಂದು ಮಂಗಳೂರಿನ ಕಂಕನಾಡಿಯದು. ಯೇಸು ಸಭೆಯ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಹಂಚುವುದರಿಂದ ಆರಂಭಿಸಿ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಫಾದರ್ ಮುಲ್ಲರ್ ಆಸ್ಪತ್ರೆ ಎಂದು ಅದು ಹೆಸರಾಯಿತು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನೂ, ಮೈಸೂರಿನಲ್ಲಿ ವೆಸ್ಲಿಯನ್ನರು 1906ರಲ್ಲಿ ಮೇರಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನೂ ತೆರೆದರು. ಮೈಸೂರಿನ ಆಸ್ಪತ್ರೆಯನ್ನು ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅದು ಮೊದಲಿಗೆ ಹೆಂಗಸರು ಮತ್ತು ಮಕ್ಕಳಿಗಾಗಿ ಕಟ್ಟಿದ್ದು. ಗಂಡು ವೈದ್ಯರ ಮುಂದೆ ಬಾರದ ಹೆಂಗಸರಿಗೆ ಹೆರಿಗೆಯ ಸಮಯದಲ್ಲಿ ನೆರವು ಸಿಗುತ್ತಿರಲಿಲ್ಲ ಎಂಬುದೇ ಅದರ ಕಾರಣ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ, ಕೋಲಾರದ ಮೆಥಡಿಸ್ಟ್ ಆಸ್ಪತ್ರೆ, ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆ ಇವೂ ಇದೇ ಅವಧಿಯ ಬೆಳವಣಿಗೆ. 1963ರಲ್ಲಿ ಕಥೋಲಿಕ ಬಿಷಪ್ಪರ ಮಂಡಳಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ತನ್ನ ಪದವೀಧರರನ್ನು ಹಿಂದುಳಿದ ಪ್ರದೇಶದ ಆಸ್ಪತ್ರೆಗಳಿಗೆ ಕಳುಹಿಸುವ ಪದ್ಧತಿಯನ್ನು ಬೆಳೆಸಿತು. ಸರ್ಕಾರದ ಕೋರಿಕೆಯ ಮೇರೆಗೆ ಬೆಂಗಳೂರು ಮಹಾಧರ್ಮಕ್ಷೇತ್ರ 1970ರ ದಶಕದ ಕೊನೆಯಲ್ಲಿ ಮಾಗಡಿ ರಸ್ತೆಯಲ್ಲಿ ಆರಂಭಿಸಿದ ಸುಮನಹಳ್ಳಿ ಕೇಂದ್ರ ಕುಷ್ಠರೋಗದಿಂದ ಗುಣವಾದವರಿಗೆ ಕಸುಬು ಮತ್ತು ನೆಲೆ ಒದಗಿಸುವತ್ತ ಗಮನ ಕೊಟ್ಟಿತು.

ದಾದಿಯರ ವೃತ್ತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ರಕ್ತ, ಕೀವು, ಮಲಮೂತ್ರ ಮುಟ್ಟುವ ಕೆಲಸಕ್ಕೆ ಮೇಲ್ಜಾತಿಯ ಹೆಣ್ಣುಮಕ್ಕಳು ಬರಲೊಲ್ಲದ ಕಾಲದಲ್ಲಿ ಮಿಷನ್ ಆಸ್ಪತ್ರೆಗಳ ತರಬೇತಿ ಶಾಲೆಗಳಿಗೆ ಬಂದವರು ಬಹುಪಾಲು ಕ್ರೈಸ್ತ ಹುಡುಗಿಯರು. ಜಿಲ್ಲಾ ಆಸ್ಪತ್ರೆಗಳಿಂದ ಹಿಡಿದು ತಾಲ್ಲೂಕು ಆರೋಗ್ಯ ಕೇಂದ್ರಗಳವರೆಗೆ ಸರ್ಕಾರಿ ವ್ಯವಸ್ಥೆಯೊಳಗೆ ಅವರು ಸಲ್ಲಿಸಿದ ಕೆಲಸ ಯಾವ ಮಿಷನ್‌ನ ಲೆಕ್ಕದಲ್ಲೂ ಸೇರಿಲ್ಲ. ನಂಬಿಕೆಯನ್ನು ಕ್ರಿಯೆಯಲ್ಲಿ ತೋರಿದ ಅತಿ ವ್ಯಾಪಕ ರೂಪ ಬಹುಶಃ ಇದೇ.

ಶಿಕ್ಷಣ. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆಂದು ದೂರವಿಟ್ಟ ಜಾತಿಗಳ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದದ್ದು ಮಿಷನ್ ಶಿಕ್ಷಣದ ಮುಖ್ಯ ಕೊಡುಗೆ. ಬೇರೆ ಬೇರೆ ಜಾತಿಯ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದಕ್ಕೆ ಶಾಲೆ ಖಾಲಿಯಾದ ಪ್ರಸಂಗಗಳು 19ನೆಯ ಶತಮಾನದಲ್ಲಿ ವಿರಳವಲ್ಲ. ಇಂದು ಪಟ್ಟಣದ ಕಾನ್ವೆಂಟುಗಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಶುಲ್ಕ ಕಟ್ಟಬಲ್ಲ ಕುಟುಂಬದವರು. ಬಡವರ ಶಿಕ್ಷಣದ ಮೂಲ ಉದ್ದೇಶ ಹಾಸ್ಟೆಲ್, ಅನುದಾನಿತ ಕನ್ನಡ ಶಾಲೆ ಮತ್ತು ಸಂಜೆ ಪಾಠಗಳಲ್ಲಿ ಉಳಿದುಕೊಂಡಿದೆ. ಈ ಬದಲಾವಣೆಯನ್ನು ಸಭೆಗಳ ಒಳಗಿನವರೇ ಟೀಕಿಸಿದ್ದಾರೆ.

ಮಕ್ಕಳ ರಕ್ಷಣೆ. 1980ರಲ್ಲಿ ಬೆಂಗಳೂರಿನ ಸಲೇಶಿಯನ್ ವಿದ್ಯಾರ್ಥಿಗಳು ಬೀದಿಮಕ್ಕಳ ನಡುವೆ ಆರಂಭಿಸಿದ ಬ್ಯಾಂಗಲೋರ್ ಓಣಿಯವರ ಸೇವಾ ಕೂಟ ಅಥವಾ ಬಾಸ್ಕೊ, ರಾಜ್ಯದಲ್ಲಿ ಈ ಕ್ಷೇತ್ರದ ಮುಂಚೂಣಿ ಸಂಸ್ಥೆ. ಮನೆ ಬಿಟ್ಟು ಬಂದ ಮಕ್ಕಳನ್ನು ರೈಲು ಮತ್ತು ಬಸ್ ನಿಲ್ದಾಣಗಳಲ್ಲೇ ಗುರುತಿಸಿ ಮಾತಾಡಿಸುವುದು, ಸಾಧ್ಯವಾದರೆ ಊರಿಗೆ ಮರಳಿಸುವುದು ಅದರ ವಿಧಾನ. ಗುಳೆ ಹೋಗುವ ಜಿಲ್ಲೆಗಳಿಗೆ ಇಂಥ ಕೆಲಸದ ನೇರ ಸಂಬಂಧವಿದೆ.

ಹಕ್ಕು ಮತ್ತು ನ್ಯಾಯ. 1957ರಲ್ಲಿ ಬೆಂಗಳೂರಿನಲ್ಲಿ ಪಿ.ಡಿ. ದೇವಾನಂದನ್ ನೇತೃತ್ವದಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು ಆರಂಭವಾಯಿತು. 1962-65ರ ಎರಡನೆಯ ವ್ಯಾಟಿಕನ್ ಪರಿಷತ್ತು ಕಥೋಲಿಕರಲ್ಲಿ ಸಾಮಾಜಿಕ ನ್ಯಾಯದ ಚಿಂತನೆಗೆ ಬಲ ಕೊಟ್ಟಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಚರ್ಚೆ ಮೊದಲಾಯಿತು. ದಾನಕ್ಕಿಂತ ಹಕ್ಕು ಮುಖ್ಯ ಎಂಬ ಈ ನಿಲುವಿನ ಫಲವಾಗಿ ಧರ್ಮಕ್ಷೇತ್ರಗಳ ಸಮಾಜಸೇವಾ ಸಂಸ್ಥೆಗಳು ಅಕ್ಕಿ, ಬಟ್ಟೆ ಹಂಚುವುದನ್ನು ಕಡಿಮೆ ಮಾಡಿ ಸ್ವಸಹಾಯ ಸಂಘ, ಕೂಲಿಯ ಹಕ್ಕು, ಅಂಗವಿಕಲರ ಪಿಂಚಣಿ ಮುಂತಾದವುಗಳತ್ತ ತಿರುಗಿದವು. ದಲಿತ ಕ್ರೈಸ್ತರ ಸ್ಥಿತಿ ಈ ಚರ್ಚೆಯ ತಿರುಳು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ, ಉಳಿದ ಕ್ರೈಸ್ತರು 3ಬಿಗೆ ಸೇರುತ್ತಾರೆ.

ಸಂಪನ್ಮೂಲ

ಸ್ಥಳೀಯ ಸಭೆಯ ಸೇವೆಗೆ ಹಣ ಬರುವುದು ಭಾನುವಾರದ ಕಾಣಿಕೆ, ಆದಾಯದ ಹತ್ತರಲ್ಲೊಂದು ಪಾಲನ್ನು ಕೊಡುವ ದಶಮಾಂಶ ಮತ್ತು ಸುಗ್ಗಿ ಹಬ್ಬದಿಂದ. ಸಿ.ಎಸ್.ಐ. ಸಭೆಗಳ ಸುಗ್ಗಿ ಹಬ್ಬ ಹಳ್ಳಿಯ ಬೆಳೆಯನ್ನೇ ಕಾಣಿಕೆಯಾಗಿ ಸ್ವೀಕರಿಸುವ ವ್ಯವಸ್ಥೆ. ಬೆಳೆದವರು ರಾಗಿ, ಜೋಳ, ಶೇಂಗಾ, ಈರುಳ್ಳಿ, ತೆಂಗಿನಕಾಯಿ, ಬಾಳೆಗೊನೆಗಳನ್ನು ತರುತ್ತಾರೆ. ಹೊಲವಿಲ್ಲದವರು ಕೋಳಿ, ಮೊಟ್ಟೆ, ಮನೆಯಲ್ಲಿ ಮಾಡಿದ ತಿಂಡಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಎಲ್ಲವೂ ದೇವಾಲಯದ ಅಂಗಳದಲ್ಲಿ ಹರಾಜಿಗೆ ಬರುತ್ತವೆ. ಕೂಗಿ ಪಡೆದವನು ಅದನ್ನು ಮತ್ತೆ ಸಭೆಗೇ ಒಪ್ಪಿಸಿ ಎರಡನೆಯ ಸಲ ಹರಾಜಿಗಿಡಿಸುವುದುಂಟು, ಒಂದೇ ಕುಂಬಳಕಾಯಿ ಹೀಗೆ ಪೇಟೆಯ ಬೆಲೆಯ ಹಲವು ಪಟ್ಟು ಹಣ ತರುತ್ತದೆ.

ದೊಡ್ಡ ಸಂಸ್ಥೆಗಳು ಬಹುಕಾಲ ವಿದೇಶಿ ನೆರವನ್ನು ಅವಲಂಬಿಸಿದ್ದವು. ಶಾಲೆಗಳಿಗೆ ಸರ್ಕಾರಿ ಅನುದಾನ, ಆಸ್ಪತ್ರೆಗಳಿಗೆ ರೋಗಿಗಳು ಕೊಡುವ ಶುಲ್ಕ ಇತರ ಮೂಲಗಳು. ಉಳ್ಳವರಿಂದ ಪಡೆದ ಶುಲ್ಕದಿಂದ ಇಲ್ಲದವರ ಚಿಕಿತ್ಸೆಯ ಖರ್ಚು ತೂಗಿಸುವುದು ಮಿಷನ್ ಆಸ್ಪತ್ರೆಗಳ ಹಳೆಯ ಪದ್ಧತಿ. ಖಾಸಗಿ ಆಸ್ಪತ್ರೆಗಳ ಪೈಪೋಟಿಯಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟವಾಗಿದೆ.

ಟೀಕೆ ಮತ್ತು ಕಾನೂನು

ಸೇವೆಯ ಹಿಂದೆ ಮತಾಂತರದ ಉದ್ದೇಶವಿದೆಯೆಂಬುದು ಮುಖ್ಯ ಟೀಕೆ. ಮಿಷನ್‌ಗಳ ಆಸ್ಪತ್ರೆ, ಶಾಲೆಗಳನ್ನು ಮೆಚ್ಚುತ್ತಿದ್ದ ಮಹಾತ್ಮ ಗಾಂಧಿ ಕೂಡ ಸೇವೆಗೆ ಮತಾಂತರವನ್ನು ಗಂಟುಹಾಕುವುದನ್ನು 1930ರ ದಶಕದಲ್ಲಿ ಕಟುವಾಗಿ ವಿರೋಧಿಸಿದರು. ಸಭೆಗಳೊಳಗೆ ಎರಡು ಅಭಿಪ್ರಾಯಗಳಿವೆ. ಸೇವೆ ತನ್ನಷ್ಟಕ್ಕೆ ತಾನೇ ಪೂರ್ಣ, ಪ್ರತಿಫಲ ಬಯಸಿದರೆ ಅದು ಸಮಾರ್ಯದವನ ಸೇವೆಯಾಗದು ಎಂಬುದು ಒಂದು. ಸುವಾರ್ತೆ ಸಾರುವುದೂ ಸೇವೆ ಮಾಡುವುದೂ ಒಂದೇ ಕರೆಯ ಎರಡು ಭಾಗಗಳೆಂಬುದು ಇನ್ನೊಂದು. ಸಿ.ಎಸ್.ಐ. ಮತ್ತು ಕಥೋಲಿಕ ಸೇವಾಸಂಸ್ಥೆಗಳು ಬಹುಮಟ್ಟಿಗೆ ಮೊದಲ ದಾರಿಯಲ್ಲಿವೆ. ಇತ್ತೀಚಿನ ದಶಕಗಳಲ್ಲಿ ಹಳ್ಳಿಗಳಲ್ಲಿ ಬೆಳೆದ ಪೆಂಟೆಕೊಸ್ಟಲ್ ಮತ್ತು ಸ್ವತಂತ್ರ ಸಭೆಗಳಲ್ಲಿ ಎರಡನೆಯದು ಪ್ರಬಲ. ರೋಗಿಗಳಿಗಾಗಿ ಪ್ರಾರ್ಥನೆ ಮತ್ತು ಕುಡಿತ ಬಿಡಿಸುವುದು ಆ ಸಭೆಗಳ ಮುಖ್ಯ ಸೇವೆ.

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಮತ್ತು ಪ್ರಸಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ. ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟೆನಿಸ್ಲಾಸ್ ಪ್ರಕರಣದಲ್ಲಿ ತೀರ್ಪು ನೀಡಿತು. ಹೊಸದುರ್ಗ ತಾಲ್ಲೂಕು ಈ ವಾದದ ಕೇಂದ್ರಕ್ಕೆ ಬಂದದ್ದು 2021ರಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ಕ್ಷೇತ್ರದಲ್ಲಿ ಮತಾಂತರ ವ್ಯಾಪಕವಾಗಿದೆಯೆಂದು ವಿಧಾನಸಭೆಯಲ್ಲಿ ಹೇಳಿದರು. ಬಳಿಕ ತಾಲ್ಲೂಕು ಆಡಳಿತ ನಡೆಸಿದ ಸಮೀಕ್ಷೆ ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ವರದಿ ಮಾಡಿತು. ರಾಜ್ಯದ ಮತಾಂತರ ನಿಷೇಧ ಕಾನೂನು 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿಯೂ, ಸೆಪ್ಟೆಂಬರ್‌ನಲ್ಲಿ ಉಭಯ ಸದನಗಳ ಒಪ್ಪಿಗೆ ಪಡೆದ ಕಾಯ್ದೆಯಾಗಿಯೂ ಬಂತು. ಸೇವಾಕಾರ್ಯಕ್ಕೆ ನೇರವಾಗಿ ತಾಗುವುದು ಅದರಲ್ಲಿನ ‘ಆಮಿಷ’ದ ವ್ಯಾಖ್ಯೆ: ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಇವೆಲ್ಲ ಅದರೊಳಗೆ ಬಂದವು. ಮಿಷನ್‌ಗಳು ಎರಡು ಶತಮಾನ ಮಾಡಿದ ಕೆಲಸದ ಬಹುಭಾಗ ಈ ಪಟ್ಟಿಯಲ್ಲಿದೆ. ಆದ್ದರಿಂದ ನೆರವಿಗೂ ಆಮಿಷಕ್ಕೂ ಗೆರೆ ಎಲ್ಲಿ ಎಂಬುದು ಸಭೆಗಳ ಮೊದಲ ಆತಂಕವಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿತು.

ಇಂದಿನ ಸ್ಥಿತಿ

ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಸೇವಾಸಂಸ್ಥೆಗಳ ಹಣಕಾಸಿನ ದಾರಿಯನ್ನು ಬದಲಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯೊಂದು ಹಣ ತಂದು ತಾಲ್ಲೂಕು ಮಟ್ಟದ ಸಣ್ಣ ಸಂಘಗಳಿಗೆ ಹಂಚುವ ಹಳೆಯ ಪದ್ಧತಿ ಇದರಿಂದ ನಿಂತಿತು. ಚಿತ್ರದುರ್ಗದಂತಹ ಜಿಲ್ಲೆಗಳಲ್ಲಿ ಕೆಲಸ ಮಾಡುವ ಸಣ್ಣ ಸಂಘಗಳು ಸ್ವದೇಶಿ ದಾನಿಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಮತ್ತು ಸರ್ಕಾರಿ ಯೋಜನೆಗಳ ಕಡೆಗೆ ತಿರುಗಬೇಕಾಯಿತು.

ಸನ್ಯಾಸ ಸಭೆಗಳಿಗೆ ಸೇರುವ ಯುವತಿಯರ ಸಂಖ್ಯೆ ಕರಾವಳಿಯ ಮತ್ತು ಕೇರಳದ ಕಥೋಲಿಕ ಕುಟುಂಬಗಳು ಚಿಕ್ಕದಾದಂತೆ ಇಳಿಯುತ್ತಿದೆ. ಶಾಲೆ, ಆಸ್ಪತ್ರೆಗಳ ಆಡಳಿತ ಕ್ರಮೇಣ ಸಂಬಳದ ಗೃಹಸ್ಥ ನೌಕರರ ಕೈಗೆ ಹೋಗುತ್ತಿದೆ. ಸರ್ಕಾರದ ಆರೋಗ್ಯ ವಿಮೆ ಮತ್ತು ವಸತಿ ಶಾಲೆಗಳು ಹರಡಿದಂತೆ ಸಾಮಾನ್ಯ ಚಿಕಿತ್ಸೆ, ಪ್ರಾಥಮಿಕ ಶಿಕ್ಷಣಗಳಲ್ಲಿ ಮಿಷನ್ ಸಂಸ್ಥೆಗಳ ಅನಿವಾರ್ಯತೆ ಕಡಿಮೆಯಾಗಿದೆ. ವೃದ್ಧರ ಆರೈಕೆ, ಗುಣವಾಗದ ರೋಗಿಗಳ ಉಪಶಾಮಕ ಚಿಕಿತ್ಸೆ, ಮಾನಸಿಕ ಅಸ್ವಸ್ಥರ ಪುನರ್ವಸತಿ, ಎಚ್‌ಐವಿ ಸೋಂಕಿತರ ನೆಲೆ, ಮದ್ಯವ್ಯಸನ ಮುಕ್ತಿ ಇವುಗಳತ್ತ ಸೇವಾಕಾರ್ಯ ಸರಿಯುತ್ತಿದೆ. ದುಡಿಯುವವರು ಗುಳೆ ಹೋದ ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಒಂಟಿಯಾಗಿ ಉಳಿಯುವ ವೃದ್ಧರಿಗೆ ಬೇಕಾದದ್ದೂ ಇದೇ ಬಗೆಯ ಆರೈಕೆ. ಸರ್ಕಾರದ ಮಾಸಿಕ ಪಿಂಚಣಿಯ ಅರ್ಜಿ ಬರೆದುಕೊಡುವುದು, ತಾಲ್ಲೂಕು ಆಸ್ಪತ್ರೆಗೆ ಜೊತೆಯಾಗಿ ಹೋಗುವುದು, ವಾರಕ್ಕೊಮ್ಮೆ ಮನೆಗೆ ಬಂದು ವಿಚಾರಿಸುವುದು ಮುಂತಾದ ಕೆಲಸಗಳಿಗೆ ಕಟ್ಟಡವೂ ದೊಡ್ಡ ನಿಧಿಯೂ ಬೇಡ. ಸ್ಥಳೀಯ ಸಭೆಯ ಸ್ತ್ರೀಯರ ಸಂಘ, ಯುವಜನ ಸಂಘಗಳ ಮಟ್ಟದಲ್ಲೇ ಇವು ನಡೆಯಬಲ್ಲವು.